ತಾವರೆ ತೊಟ್ಟಿಯ ಕರೆಂಟು

ದಸರಾ ರಜೆಗೆ ಮೊಮ್ಮಗಳನ್ನು ಕರೆತರೋಣವೆಂದು ಕೆಂಗೇರಿಗೆ ಹೋಗಿದ್ದೆ. ಬರುವಾಗ ನೇರಳೆ ಮಾರ್ಗದ ಮೆಟ್ರೊ ಹತ್ತಿದೆವು. ಸೀಟು ಖಾಲಿಯಿದ್ದರೂ ಅವಳು ಕೂರಲಿಲ್ಲ, ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ನಿಂತಳು. ಜ್ಞಾನಭಾರತಿ ದಾಟಿದ ಮೇಲೆ ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪು ನೀರು, ಅಲ್ಲಲ್ಲಿ ಬಿಳಿ ನೊರೆ ಹೊತ್ತುಕೊಂಡು ಹರಿಯುವುದು ಕಾಣಿಸಿತು.

“ತಾತ, ಎಷ್ಟ್ ದೊಡ್ಡ ಮೋರಿ!”

“ಮೋರಿ ಅಲ್ಲ ಕಣಮ್ಮ, ನದಿ. ವೃಷಭಾವತಿ.”

ಅವಳು ನನ್ನ ಮುಖವನ್ನೇ ನೋಡಿದಳು. ತಾತ ತಮಾಷೆ ಮಾಡುತ್ತಿದ್ದಾನೆ ಅಂತಲೇ ಅವಳ ಲೆಕ್ಕ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದು ಅನ್ನುತ್ತಾರೆ, ಅದಕ್ಕೇ ಆ ಹೆಸರು. ಮಲ್ಲೇಶ್ವರದ ಕಡೆಯಿಂದ ರಾಜಾಜಿನಗರದ ಪಕ್ಕ ಹಾದು ಇನ್ನೊಂದು ಕವಲು ಬರುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲೇ ಹರಿದು, ಬೈರಮಂಗಲದ ಕೆರೆ ತುಂಬಿ, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯಾಗುತ್ತದೆ ಎಂದೆಲ್ಲ ಹೇಳಿದೆ. ಅಷ್ಟರಲ್ಲಿ ನಾಯಂಡಹಳ್ಳಿ ಬಂತು. ಬಾಗಿಲು ತೆರೆಯಿತು, ವಾಸನೆ ಒಳಗೆ ಬಂತು. ಅವಳು ಮೂಗು ಮುಚ್ಚಿಕೊಂಡಳು, ನನ್ನ ನದಿಯ ಕತೆ ಅಲ್ಲಿಗೆ ಮುಗಿಯಿತು.

ಬಾಗಿಲು ಮುಚ್ಚಿದ ಮೇಲೆ ಬೇರೆ ಪ್ರಶ್ನೆ ಬಂತು. ಈ ರೈಲಿಗೆ ಮೇಲೆ ತಂತಿಯೇ ಇಲ್ಲವಲ್ಲ, ಕರೆಂಟು ಎಲ್ಲಿಂದ? ಹಳಿಗಳ ಪಕ್ಕದಲ್ಲಿ ಮೂರನೇ ಹಳಿ ಒಂದಿದೆ, ಅದರಲ್ಲಿ 750 ವೋಲ್ಟ್ ಇರುತ್ತದೆ, ರೈಲು ಅದನ್ನು ಸವರಿಕೊಂಡು ಓಡುತ್ತದೆ ಎಂದೆ. ಬಾಯಿ ಸುಮ್ಮನಿರದೆ ಇನ್ನೂ ಒಂದು ಮಾತು ಸೇರಿಸಿದೆ: “ಅಗೋ, ಆ ಕಪ್ಪು ಕೆಸರಿನಲ್ಲೂ ಕರೆಂಟು ಹರೀತಿರುತ್ತೆ. ತುಂಬ ಸಣ್ಣದು.”

ಇದನ್ನಂತೂ ಅವಳು ಖಂಡಿತ ನಂಬಲಿಲ್ಲ. “ತೋರಿಸು ಹಾಗಾದ್ರೆ,” ಅಂದಳು. ಬಸವೇಶ್ವರನಗರದ ನಮ್ಮ ಮನೆಯ ತಾರಸಿಯ ಮೇಲೆ ಎರಡು ವಾರ ನಡೆದದ್ದನ್ನು ಅದಕ್ಕೇ ನಿಮಗೂ ಹೇಳುತ್ತಿದ್ದೇನೆ, ಮಕ್ಕಳೇ.

ಮೊದಲು ಆ ಕಪ್ಪು ಬಣ್ಣದ ಸಂಗತಿ. ನಾವು ಉಂಡ ಅನ್ನವನ್ನು ದೇಹ ಸಣ್ಣ ಸಣ್ಣ ಚೂರು ಮಾಡುತ್ತದೆ. ಆ ಚೂರುಗಳಿಂದ ಎಲೆಕ್ಟ್ರಾನ್‌ಗಳು ಬಿಡಿಸಿಕೊಳ್ಳುತ್ತವೆ. ಮನೆ ಕಟ್ಟುವಲ್ಲಿ ಮೋಲ್ಡಿಂಗ್ ಹಾಕುವ ದಿನ ನೋಡಿದ್ದೀರಾ? ಕೆಲಸದವರು ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಎಲೆಕ್ಟ್ರಾನೂ ಹಾಗೇ ಜೀವಕೋಶದೊಳಗೆ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ದಾಟುವಾಗಲೆಲ್ಲ ಒಂದಿಷ್ಟು ಶಕ್ತಿ ಜೀವಕ್ಕೆ ಸಿಗುತ್ತದೆ. ನಾವು ಓಡುವುದು, ಕಿರುಚುವುದು, ಪರೀಕ್ಷೆ ಬರೆಯುವುದು ಎಲ್ಲ ಅದರಿಂದಲೇ. ಆದರೆ ಸಾಲಿನ ಕೊನೆಯಲ್ಲಿ ಬಾಂಡ್ಲಿ ಸುರಿಯಲು ಒಂದು ಜಾಗ ಬೇಕಲ್ಲ? ಜಾಗವಿಲ್ಲದಿದ್ದರೆ ಹಿಂದಿನವರೆಲ್ಲ ಬಾಂಡ್ಲಿ ಹಿಡಿದುಕೊಂಡೇ ನಿಂತುಬಿಡುತ್ತಾರೆ. ನಮಗೆ ಆ ಜಾಗ ಆಮ್ಲಜನಕ. ಉಸಿರಾಡುವುದು ಎಂದರೆ ಮೂಲತಃ ಇಷ್ಟೇ: ಉಂಡ ಊಟದ ಎಲೆಕ್ಟ್ರಾನ್‌ಗಳನ್ನು ಸುರಿಯಲು ಜಾಗ ತಂದುಕೊಳ್ಳುವುದು.

ಕೆಸರಿನ ಆಳದಲ್ಲಿ ಆಮ್ಲಜನಕ ಇಲ್ಲ. ಮೇಲೇ ಇರುವ ಬ್ಯಾಕ್ಟೀರಿಯಾಗಳು ಖಾಲಿ ಮಾಡಿಬಿಟ್ಟಿರುತ್ತವೆ. ಹಾಗೆಂದು ಕೆಳಗಿನವರು ಉಪವಾಸ ಬೀಳುವುದಿಲ್ಲ. ಮೆಟ್ರೊ ತಪ್ಪಿದರೆ ಬಸ್ಸು, ಬಸ್ಸು ಬರದಿದ್ದರೆ ಆಟೊ, ಆಟೊದವರು ಒಪ್ಪದಿದ್ದರೆ ನಡಿಗೆ; ನಾವು ಹೇಗೋ ಮನೆ ಸೇರುವುದಿಲ್ಲವೇ? ಬ್ಯಾಕ್ಟೀರಿಯಾಗಳೂ ಆಮ್ಲಜನಕ ಸಿಗದಿದ್ದರೆ ನೈಟ್ರೇಟನ್ನು ಹಿಡಿಯುತ್ತವೆ. ಅದೂ ಮುಗಿದರೆ ಮ್ಯಾಂಗನೀಸ್, ಕಬ್ಬಿಣದ ತುಕ್ಕು. ಅದೂ ಇಲ್ಲವೆಂದರೆ ಸಲ್ಫೇಟ್. ಸಲ್ಫೇಟನ್ನು ಉಸಿರಾಡುವ ಜೀವಿಗಳು ಬಿಡುವ ಅನಿಲವೇ ಹೈಡ್ರೋಜನ್ ಸಲ್ಫೈಡ್, ನಾಯಂಡಹಳ್ಳಿಯಲ್ಲಿ ರೈಲಿನೊಳಗೆ ಬಂದ ಕೊಳೆತ ಮೊಟ್ಟೆಯ ವಾಸನೆ. ಅದು ಕಬ್ಬಿಣದ ಜೊತೆ ಸೇರಿದರೆ ಕಪ್ಪು ಪುಡಿಯಾಗುತ್ತದೆ, ಕೆಸರು ಕಪ್ಪಾಗುತ್ತದೆ. ರಾಜಕಾಲುವೆ ಪಕ್ಕದ ಮನೆಯವರು ಬೆಳ್ಳಿಯ ಕುಂಕುಮದ ಬಟ್ಟಲು ಎಷ್ಟು ತೊಳೆದರೂ ಬೇಗ ಕಪ್ಪಾಗುತ್ತದೆ ಎಂದು ಗೊಣಗುವುದನ್ನು ಕೇಳಿರಬಹುದು. ಅದೂ ಇದೇ ಅನಿಲದ ಕೆಲಸ.

ಹಾಗಾದರೆ ಕೊಳೆ ನೀರು ಎಂದರೆ ಏನು? ನನ್ನ ಮಟ್ಟಿಗೆ, ಇನ್ನೂ ಮುಗಿಯದ ಊಟ. ನಾವು ಬಿಟ್ಟದ್ದನ್ನು ಕೋಟಿ ಕೋಟಿ ಜೀವಿಗಳು ಅಲ್ಲಿ ಉಣ್ಣುತ್ತಾ, ಬಾಂಡ್ಲಿ ಸುರಿಯಲು ಜಾಗ ಹುಡುಕುತ್ತಾ ಕೂತಿವೆ.

ಈಗ ತುಕ್ಕಿನ ಕಡೆ ಬನ್ನಿ. ಆಮ್ಲಜನಕವಾದರೆ ಅನಿಲ, ನೀರಿನಲ್ಲಿ ಕರಗಿ ಕೋಶದೊಳಗೇ ಬರುತ್ತದೆ. ತುಕ್ಕು ಕಲ್ಲಿನ ಹಾಗೆ. ಬ್ಯಾಕ್ಟೀರಿಯಾ ಅದನ್ನು ನುಂಗಲಾರದು. ಅಂದರೆ ಬಾಂಡ್ಲಿಯನ್ನು ತನ್ನ ಗೋಡೆಯಿಂದ ಹೊರಗೆ ದಾಟಿಸಿ ಸುರಿಯಬೇಕು! ಅಮೆರಿಕದ ಡೆರೆಕ್ ಲವ್ಲಿ ಎಂಬ ವಿಜ್ಞಾನಿ 1987ರಲ್ಲಿ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಇಂಥದ್ದೊಂದನ್ನು ಕಂಡರು. ಅದರ ಹೆಸರು ಜಿಯೊಬ್ಯಾಕ್ಟರ್. ಮರುವರ್ಷ ಕೆನೆತ್ ನೀಲ್ಸನ್ ಮತ್ತು ಅವರ ಜೊತೆಗಾರರು ಒನೈಡಾ ಎಂಬ ಕೆರೆಯಲ್ಲಿ ಮ್ಯಾಂಗನೀಸನ್ನು ಉಸಿರಾಡುವ ಇನ್ನೊಂದನ್ನು ತೋರಿಸಿದರು. ಅದು ಶೆವನೆಲ್ಲಾ. ತುಕ್ಕಿಗೆ ಎಲೆಕ್ಟ್ರಾನ್ ಸುರಿಯುವ ಜೀವಿಯ ಮುಂದೆ ತುಕ್ಕಿನ ಬದಲು ಒಂದು ಕಾರ್ಬನ್ ತುಂಡನ್ನು ಇಟ್ಟರೆ? ಅದಕ್ಕೂ ಸುರಿಯುತ್ತದೆ. ಆ ತುಂಡಿಗೆ ತಂತಿ ಕಟ್ಟಿದರೆ, ತಂತಿಯಲ್ಲಿ ಹರಿಯುವುದೇ ಕರೆಂಟು.

ಇಂಥ ತುಂಡಿಗೆ ನಿಮ್ಮ ಪಠ್ಯಪುಸ್ತಕದಲ್ಲಿ ವಿದ್ಯುದ್ವಾರ ಎಂಬ ಹೆಸರಿದೆ. ಒಡೆದು ನೋಡಿ: ವಿದ್ಯುತ್ತಿನ ದ್ವಾರ, ಬಾಗಿಲು. ಯಾರು ಮಾಡಿದ ಪದವೋ, ಎಷ್ಟು ಚೆನ್ನಾಗಿದೆ. ನಾವೂ ಎರಡು ಬಾಗಿಲು ಮಾಡಿದೆವು, ಕೆಸರಿನೊಳಗೆ ಕೆಳಬಾಗಿಲು, ನೀರಿನ ಮೇಲೆ ಮೇಲ್ಬಾಗಿಲು.

ಕೆಸರು ಎಲ್ಲಿಂದ? ವೃಷಭಾವತಿಗೆ ಇಳಿಯೋಣ ಎಂದು ಅವಳು ಕುಣಿದಳು. ಖಂಡಿತ ಬೇಡ ಎಂದೆ. ನೀವೂ ಇಳಿಯಬೇಡಿ, ಅದರಲ್ಲಿ ಕಾರ್ಖಾನೆಗಳ ವಿಷವೂ ರೋಗಾಣುಗಳೂ ಇವೆ. ನಮ್ಮ ತಾರಸಿಯಲ್ಲಿ ಅಜ್ಜಿಯ ತಾವರೆ ತೊಟ್ಟಿ ಇದೆ. ಅದರ ತಳದ ಕೆಸರು ಸಾಕು, ಅದೂ ಕಪ್ಪಗೇ ಇರುತ್ತದೆ. ಎರಡು ಅಗಲ ಬಾಯಿಯ ಗಾಜಿನ ಬಾಟಲಿ ತಂದೆವು. ಎಸ್.ಪಿ. ರಸ್ತೆಯಿಂದ ಒಂದು ಮಲ್ಟಿಮೀಟರು ಮತ್ತು ಸಾವಿರ ಓಮ್‌ನ ಎರಡು ರೆಸಿಸ್ಟರು. ಕಾರ್ಬನ್ ಫೆಲ್ಟ್ ಎಂಬ ಕರಿ ಕಂಬಳಿಯಂಥ ಬಟ್ಟೆಯನ್ನು ತರಿಸಿ ಅಂಗೈಯಗಲ ಕತ್ತರಿಸಿದೆವು. ಬಾಟಲಿಯ ತಳದಲ್ಲಿ ಒಂದು ತುಂಡು, ಅದರ ಮೇಲೆ ಗಟ್ಟಿ ಕೆಸರು, ಅದರ ಮೇಲೆ ನಾಲ್ಕು ಬೆರಳು ನೀರು, ನೀರಿನ ಮೇಲೆ ಗಾಳಿಗೆ ತಾಗುವಂತೆ ಇನ್ನೊಂದು ತುಂಡು. ಎರಡಕ್ಕೂ ಸ್ಟೇನ್‌ಲೆಸ್ ಸ್ಟೀಲಿನ ತಂತಿ. ನಡುವೆ ರೆಸಿಸ್ಟರು.

ನೀವು ಶಾಲೆಯ ವಸ್ತುಪ್ರದರ್ಶನದಲ್ಲಿ ನಿಂಬೆಹಣ್ಣಿನ ಬ್ಯಾಟರಿ ಮಾಡಿರುತ್ತೀರಿ. ಅದರಲ್ಲಿ ಒಂದು ಕಡೆ ತಾಮ್ರ, ಇನ್ನೊಂದು ಕಡೆ ಸತು. ಅಲ್ಲಿ ಕರೆಂಟು ಕೊಡುವುದು ನಿಂಬೆಹಣ್ಣು ಅಂದುಕೊಂಡರೆ ಮೋಸ ಹೋದಿರಿ. ಸತುವೇ ಕರಗಿ ಕೊಡುತ್ತದೆ. ಕೆಸರಿನಲ್ಲೂ ತಾಮ್ರ, ಸತು ಚುಚ್ಚಿದರೆ ತಕ್ಷಣ ಮೀಟರು ಕುಣಿಯುತ್ತದೆ, ಬ್ಯಾಕ್ಟೀರಿಯಾ ಇದ್ದರೂ ಸರಿ ಇಲ್ಲದಿದ್ದರೂ ಸರಿ. ಅದಕ್ಕೇ ನಾವು ಎರಡೂ ಕಡೆ ಕಾರ್ಬನ್ ಇಟ್ಟದ್ದು. ಕಾರ್ಬನ್ ಕರಗುವುದಿಲ್ಲ.

“ಆದ್ರೂ ಬ್ಯಾಕ್ಟೀರಿಯಾನೇ ಕೊಟ್ಟಿದ್ದು ಅಂತ ಹೇಗೆ ಗೊತ್ತಾಗತ್ತೆ?” ಎಂದಳು ಮೊಮ್ಮಗಳು. ಎರಡನೇ ಬಾಟಲಿ ಇರುವುದು ಅದಕ್ಕೇ. ಅದಕ್ಕೆ ಹಾಕುವ ಕೆಸರನ್ನು ಕುಕ್ಕರಿನಲ್ಲಿ ಬೇಯಿಸಿಬಿಡಬೇಕು. ಈ ಮಾತು ಅಡುಗೆಮನೆಗೆ ಕೇಳಿಸಿತು.

“ನನ್ ಕುಕ್ಕರಲ್ಲಿ ಕೆಸರು ಬೇಯಿಸ್ತೀರಾ? ನಿಮಗೆ ವಯಸ್ಸಾದ್ರೂ ಬುದ್ಧಿ ಬರಲಿಲ್ಲ!”

ಅಟ್ಟದ ಮೇಲಿದ್ದ ಹಳೇ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿ, ತಾರಸಿಯ ಮೇಲೇ ಸ್ಟವ್ ಹಚ್ಚಿ, ಅರ್ಧ ಗಂಟೆ ಕೂಗಿಸಿದೆವು. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ “ಏನ್ ಸಾರ್, ಮೇಲೇ ಅಡುಗೇನಾ?” ಎಂದು ಕೇಳಿದರು. ಹೌದು ಎಂದೆ. ಏನು ಅಡುಗೆ ಎಂದು ಮಾತ್ರ ಹೇಳಲಿಲ್ಲ. ಒಂದು ಬಾಟಲಿಗೆ ‘ಹಸಿ’ ಎಂದೂ ಇನ್ನೊಂದಕ್ಕೆ ‘ಬೇಯಿಸಿದ್ದು’ ಎಂದೂ ಚೀಟಿ ಅಂಟಿಸಿದಳು. ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆಸಿದ್ದು ಅಜ್ಜಿ.

ಮೊದಲ ದಿನ ಎರಡೂ ಸೊನ್ನೆ. ಎರಡನೇ ದಿನ ಸೊನ್ನೆಯ ಹತ್ತಿರ ಏನೋ ಒಂದು. ಮೂರನೇ ದಿನ ಅವಳು ಮೀಟರನ್ನೇ ಬೈದಳು. ಇಲ್ಲಿ ತಾಳ್ಮೆ ಬೇಕು, ಮಕ್ಕಳೇ. ಜಿಯೊಬ್ಯಾಕ್ಟರಿನಂಥ ಜೀವಿಗಳಿಗೆ ಅಕ್ಕಿಯ ಪಿಷ್ಟ, ಎಲೆಯ ನಾರು ಹಾಗೇ ತಿನ್ನಲು ಬಾರದು. ಮದುವೆಮನೆ ಅಡುಗೆಯ ಹಾಗೆ ಒಬ್ಬರು ಹೆಚ್ಚಬೇಕು, ಒಬ್ಬರು ರುಬ್ಬಬೇಕು. ಬೇರೆ ಬೇರೆ ಬ್ಯಾಕ್ಟೀರಿಯಾಗಳು ಒಡೆದು ಒಡೆದು ಕೊನೆಗೆ ಅಸಿಟೇಟ್ ಮಾಡಿ ಬಡಿಸುತ್ತವೆ. ಅಸಿಟೇಟ್ ಎಂದರೆ ವಿನೆಗರಿನ ಹುಳಿಯ ನೆಂಟ. ಒಂದೊಂದು ಅಸಿಟೇಟಿನಿಂದ ಎಂಟು ಎಲೆಕ್ಟ್ರಾನ್ ಬಿಡಿಸಬಹುದು. ಆ ಎಂಟೂ ಕೆಳಬಾಗಿಲಿನಿಂದ ಹೊರಟು, ತಂತಿ ಹಿಡಿದು, ರೆಸಿಸ್ಟರನ್ನು ದಾಟಿ, ಮೇಲ್ಬಾಗಿಲಿಗೆ ಬಂದು, ಅಲ್ಲಿ ಗಾಳಿಯ ಆಮ್ಲಜನಕವನ್ನೂ ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳನ್ನೂ ಕೂಡಿಕೊಂಡು ನೀರಾಗುತ್ತವೆ. ಕೆಸರಿನ ಆಳದಲ್ಲಿ ಕೂತ ಜೀವಿ ಉದ್ದನೆಯ ಕೊಳವೆ ಹಾಕಿಕೊಂಡು ಮೇಲಿನ ಗಾಳಿಯನ್ನು ಉಸಿರಾಡಿದ ಹಾಗೆ. ನಮ್ಮ ತಂತಿಯೇ ಆ ಕೊಳವೆ.

ಹೊರಗೆ ಸುರಿಯುವ ಉಪಾಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ನನಗೆ ಬಹಳ ಇಷ್ಟವಾದ ಭಾಗ ಅದು. ಶೆವನೆಲ್ಲಾ ಆಟೊ ಓಡಿಸುತ್ತದೆ. ಫ್ಲೇವಿನ್ ಎಂಬ ಸಣ್ಣ ಅಣುಗಳನ್ನು ನೀರಿಗೆ ಬಿಡುತ್ತದೆ. ಅವು ಕೋಶದ ಹತ್ತಿರ ಎಲೆಕ್ಟ್ರಾನ್ ಹತ್ತಿಸಿಕೊಂಡು, ಕಾರ್ಬನ್ನಿನ ಹತ್ತಿರ ಇಳಿಸಿ, ಖಾಲಿ ಆಟೊ ಹಾಗೆ ವಾಪಸು ಬರುತ್ತವೆ. ಆ ಫ್ಲೇವಿನ್‌ಗಳಲ್ಲಿ ಒಂದು ರೈಬೋಫ್ಲೇವಿನ್. ಗುರುತು ಸಿಕ್ಕಿತೇ? ನಿಮ್ಮ ಹಾಲು ಮೊಸರಿನಲ್ಲಿರುವ ಬಿ2 ಜೀವಸತ್ವ ಅದೇ.

ಜಿಯೊಬ್ಯಾಕ್ಟರ್ ಬೇರೆ ಜಾತಿ. ಅದು ತಂತಿಯನ್ನೇ ಎಳೆಯುತ್ತದೆ! ಮೈಯಿಂದ ಹೊರಡುವ ಕೂದಲಿನಂಥ ಎಳೆಗಳು ಕರೆಂಟು ಹಾಯಿಸುತ್ತವೆ ಎಂದು 2005ರಲ್ಲಿ ಲವ್ಲಿಯವರ ತಂಡ ಹೇಳಿತು. ಆ ಎಳೆ ಯಾವುದರಿಂದ ಆದದ್ದು ಎಂಬುದರಲ್ಲಿ ಜಗಳ ಶುರುವಾಯಿತು. 2019ರಲ್ಲಿ ಯೇಲ್ ವಿಶ್ವವಿದ್ಯಾಲಯದ ನಿಖಿಲ್ ಮಲ್ವಂಕರ್ ಮತ್ತು ಜೊತೆಗಾರರು ಎಳೆಯೊಂದರ ಚಿತ್ರ ತೆಗೆದು, ಇದು ಹೀಮ್ ಎಂಬ ಕಬ್ಬಿಣದ ತುಣುಕುಗಳನ್ನು ಮಣಿಸರದ ಹಾಗೆ ಪೋಣಿಸಿದ ಪ್ರೋಟೀನು ಎಂದು ತೋರಿಸಿದರು. ಮಣಿಯಿಂದ ಮಣಿಗೆ ಎಲೆಕ್ಟ್ರಾನ್ ಹಾರುತ್ತಾ ಹೋಗುತ್ತದೆ, ಮತ್ತದೇ ಬಾಂಡ್ಲಿ ಸಾಲು. ಎಳೆಯ ದಪ್ಪ ಸುಮಾರು ನಾಲ್ಕು ನ್ಯಾನೊಮೀಟರು, ನಿಮ್ಮ ತಲೆಗೂದಲಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಎಳೆ ಬೇರೆಯದರಿಂದ ಆದದ್ದು ಎನ್ನುತ್ತಿದ್ದ ಹಳೆಯ ವಾದದವರು ಪೂರ್ತಿ ಸೋಲೊಪ್ಪಲಿಲ್ಲ, ಒಪ್ಪಬೇಕೆಂದೂ ಇಲ್ಲ. ಹೀಮ್ ನಿಮ್ಮ ರಕ್ತದಲ್ಲೂ ಇದೆ, ರಕ್ತ ಕೆಂಪಾಗಿರುವುದು ಅದರಿಂದಲೇ. ಅದಕ್ಕೇ ಪ್ರಯೋಗಾಲಯದಲ್ಲಿ ಜಿಯೊಬ್ಯಾಕ್ಟರ್ ಒತ್ತೊತ್ತಾಗಿ ಬೆಳೆದ ವಿದ್ಯುದ್ವಾರ ತಿಳಿಗೆಂಪಾಗಿ ಕಾಣುತ್ತದೆ. ಕಪ್ಪು ಕೆಸರಿನ ಬಿಡಾರದಲ್ಲಿ ಕೆಂಪು ಜೀವಿ!

ಆರನೇ ದಿನ ಬೆಳಗ್ಗೆ ತಾರಸಿಯಿಂದ ಕೂಗು ಬಂತು. ಕುಕ್ಕರಿನದಲ್ಲ, ಮೊಮ್ಮಗಳದು. ‘ಹಸಿ’ ಬಾಟಲಿ 0.1 ವೋಲ್ಟ್ ದಾಟಿತ್ತು. ‘ಬೇಯಿಸಿದ್ದು’ ತೆಪ್ಪಗಿತ್ತು. ಹತ್ತನೇ ದಿನದ ಹೊತ್ತಿಗೆ ಹಸಿಯದು 0.3 ವೋಲ್ಟಿಗೆ ಬಂದು ನಿಂತಿತು. ಸಾವಿರ ಓಮ್‌ನಲ್ಲಿ 0.3 ವೋಲ್ಟ್ ಎಂದರೆ 0.3 ಮಿಲಿಆಂಪಿಯರ್, ದೊಡ್ಡ ತರಗತಿಯವರು ಭಾಗಿಸಿ ನೋಡಿ. ಒಂದೇ ಒಂದು ಶೆವನೆಲ್ಲಾ ಬ್ಯಾಕ್ಟೀರಿಯಾ ಕೊಡುವ ಕರೆಂಟನ್ನೂ ಅಳೆದವರಿದ್ದಾರೆ. ಒಂದು ಆಂಪಿಯರನ್ನು ಲಕ್ಷ ಕೋಟಿ ಪಾಲು ಮಾಡಿ, ಆ ಪಾಲಿನಲ್ಲಿ ಮತ್ತೆ ಐದನೇ ಒಂದು ಪಾಲು ತೆಗೆದರೆ ಅಷ್ಟು, ಅದೂ ಚೆನ್ನಾಗಿ ದುಡಿದರೆ. ಆ ಲೆಕ್ಕದಲ್ಲಿ ನಮ್ಮ ಬಾಟಲಿಯಲ್ಲಿ ಕಡಿಮೆಯೆಂದರೂ ನೂರೈವತ್ತು ಕೋಟಿ ಕೆಲಸದವರು. ಇಡೀ ಭಾರತದ ಜನಸಂಖ್ಯೆ ಒಂದು ಅಂಗೈಯಗಲದ ಕಂಬಳಿಯ ಮೇಲೆ ಕೂತಿದೆ ಎಂದುಕೊಳ್ಳಿ.

“ಹಾಗಾದ್ರೆ ಮೆಟ್ರೊ ಓಡಿಸಬಹುದಲ್ಲ ತಾತ!” ರೆಸಿಸ್ಟರ್ ಬಿಚ್ಚಿದಾಗ ಮೀಟರು ಅರ್ಧ ವೋಲ್ಟ್ ತೋರಿಸಿದ್ದನ್ನು ಅವಳು ಬರೆದುಕೊಂಡಿದ್ದಳು. 750ನ್ನು ಅರ್ಧದಿಂದ ಭಾಗಿಸಿ, ಸಾವಿರದ ಐನೂರು ಬಾಟಲಿ ಸಾಲಾಗಿ ಜೋಡಿಸಿದರೆ ಸಾಕು ಎಂದು ಲೆಕ್ಕ ಒಪ್ಪಿಸಿದಳು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸಾಲಾಗಿ ಜೋಡಿಸಿದರೆ ವೋಲ್ಟ್ ಕೂಡುತ್ತದೆ, ಆಂಪಿಯರ್ ಕೂಡುವುದಿಲ್ಲ. ರೈಲು ಹೊರಡಲು ನೂರಾರು ಆಂಪಿಯರ್ ಬೇಕು. ನಮ್ಮದು ಒಂದು ಮಿಲಿಆಂಪಿಯರಿನ ಮೂರನೇ ಒಂದು ಪಾಲೂ ಇಲ್ಲ. ಕರೆಂಟು ಎಳೆಯಲು ಶುರು ಮಾಡಿದ ತಕ್ಷಣ ಆ ಅರ್ಧ ವೋಲ್ಟೂ ಇಳಿದುಬಿಡುತ್ತದೆ. ರೈಲಿನ ಬಾಗಿಲ ಮೇಲಿನ ದೀಪವೂ ಮಿಣುಕುವುದಿಲ್ಲ. ನಾಲ್ಕೈದು ಬಾಟಲಿ ಜೋಡಿಸಿದರೆ ಗೋಡೆಯ ಸಣ್ಣ ಡಿಜಿಟಲ್ ಗಡಿಯಾರ ನಡೆದೀತು. ಅವಳಿಗೆ ಬೇಸರವಾಯಿತು. ನಿಜ ಹೇಳಿದರೆ ಕೆಲವೊಮ್ಮೆ ಹಾಗಾಗುತ್ತದೆ.

ಈ ಕರೆಂಟು ಹೊಸದೇನೂ ಅಲ್ಲ. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಅದಾದ ಆರೇ ವರ್ಷಕ್ಕೆ, 1911ರಲ್ಲಿ, ಇಂಗ್ಲೆಂಡಿನಲ್ಲಿ ಎಂ.ಸಿ. ಪಾಟರ್ ಎಂಬ ಸಸ್ಯಶಾಸ್ತ್ರದ ಮೇಷ್ಟ್ರು ಯೀಸ್ಟಿನಿಂದಲೂ ಬ್ಯಾಕ್ಟೀರಿಯಾದಿಂದಲೂ ಕರೆಂಟು ಪಡೆದು ಬರೆದರು. ಬೀದಿದೀಪ ಇಡೀ ಊರಿಗೆ ಹರಡಿತು, ಪಾಟರ್ ಮೇಷ್ಟ್ರ ಬಾಟಲಿ ಬಹುಕಾಲ ಬೀರುವಿನಲ್ಲೇ ಉಳಿಯಿತು. ಸಣ್ಣದಕ್ಕೆ ಸಣ್ಣ ಕೆಲಸ ಹುಡುಕಿದವರು ಮಾತ್ರ ಗೆದ್ದಿದ್ದಾರೆ. ಜಿಯೊಬ್ಯಾಕ್ಟರ್ ಸಿಕ್ಕಿದ ಅದೇ ಪೊಟೊಮ್ಯಾಕ್ ನದಿಯಲ್ಲಿ, ತಳದ ಕೆಸರಿನಿಂದಲೇ ಕರೆಂಟು ಪಡೆದು ಗಾಳಿಯ ಒತ್ತಡ, ನೀರಿನ ಬಿಸಿ ಅಳೆದು ಕಳಿಸುವ ತೇಲುಯಂತ್ರವನ್ನು ಓಡಿಸಿದ ವರದಿ 2008ರಲ್ಲಿ ಬಂತು. ಯಾರೂ ಹೋಗಿ ಬ್ಯಾಟರಿ ಬದಲಿಸಬೇಕಿಲ್ಲ. ಬ್ರಿಸ್ಟಲ್‌ನ ಇಯೊನಿಸ್ ಇಯೆರೊಪೌಲಸ್ ಅವರ ತಂಡ ಮೂತ್ರದಿಂದ ಕರೆಂಟು ತೆಗೆದು ಶೌಚಾಲಯಕ್ಕೇ ದೀಪ ಹಾಕಿತು. 2015ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಜಾತ್ರೆಯಲ್ಲಿ, ಆಮೇಲೆ ಉಗಾಂಡದ ಒಂದು ಬಾಲಕಿಯರ ಶಾಲೆಯಲ್ಲಿ. ಇದನ್ನು ಕೇಳಿ ಮೊಮ್ಮಗಳು ಐದು ನಿಮಿಷ ನಕ್ಕಳು. ರಾತ್ರಿ ಕತ್ತಲಲ್ಲಿ ಶೌಚಾಲಯಕ್ಕೆ ಹೋಗಲು ಹೆದರಿದ ಹುಡುಗಿಗೆ ಅದೆಂಥ ದೀಪ ಎಂದು ಹೇಳಿದ ಮೇಲೆ ನಗು ನಿಲ್ಲಿಸಿದಳು.

ವೃಷಭಾವತಿಗೆ ಇದರಿಂದ ಏನಾದರೂ ಆದೀತೇ? ನಮ್ಮ ನಲ್ಲಿಯ ಕಾವೇರಿ ನೀರು ಶಿವನಸಮುದ್ರದ ಬಳಿಯಿಂದ ತೊರೆಕಾಡನಹಳ್ಳಿಗೆ ಬಂದು, ಅಲ್ಲಿಂದ ಸುಮಾರು ನೂರು ಕಿಲೋಮೀಟರು ದೂರ, ಅರ್ಧ ಕಿಲೋಮೀಟರು ಎತ್ತರ ಹತ್ತಿ ಬರುತ್ತದೆ. ಹತ್ತಿಸುವುದು ಕರೆಂಟಿನ ಪಂಪುಗಳು. ಆ ನೀರನ್ನು ಒಂದು ಸಲ ಬಳಸಿ ಮೋರಿಗೆ ಬಿಡುತ್ತೇವೆ. ವೃಷಭಾವತಿ ಕಣಿವೆಯ ಶುದ್ಧೀಕರಣ ಘಟಕಗಳಿಗೆ ಬಂದ ಕೊಳೆಯನ್ನು ತಿನ್ನುವುದೂ ಬ್ಯಾಕ್ಟೀರಿಯಾಗಳೇ. ಅವುಗಳ ಉಸಿರಿಗೆ ಗಾಳಿ ಊದಲು ಮತ್ತೆ ಕರೆಂಟು. ಹೊರಟ ನೀರು ಶಿವನಸಮುದ್ರಕ್ಕಿಂತ ಕೆಳಗೆ, ಸಂಗಮದಲ್ಲಿ, ಮತ್ತೆ ಕಾವೇರಿ. ಗಾಳಿ ಊದುವ ಬದಲು ವಿದ್ಯುದ್ವಾರ ಇಟ್ಟು ಉಸಿರಾಡಿಸಿದರೆ ಆ ಖರ್ಚಿನಲ್ಲಿ ಒಂದಿಷ್ಟಾದರೂ ಉಳಿಯಬಹುದು ಎಂಬುದು ವಿಜ್ಞಾನಿಗಳ ಆಸೆ. ಬಾಟಲಿಯಲ್ಲಿ ಆದದ್ದು ದೊಡ್ಡ ತೊಟ್ಟಿಯಲ್ಲಿ ಆಗುವುದು ಕಷ್ಟ. ವಿದ್ಯುದ್ವಾರಕ್ಕೆ ದುಡ್ಡು ಬೇಕು, ಮೇಲ್ಬಾಗಿಲಿಗೆ ಪಾಚಿ ಕಟ್ಟುತ್ತದೆ, ಸಲ್ಫೇಟ್ ಉಸಿರಾಡುವವರೂ ಮೀಥೇನ್ ಅನಿಲ ಮಾಡುವವರೂ ಊಟಕ್ಕೆ ಪೈಪೋಟಿಗೆ ಬೀಳುತ್ತಾರೆ. ಅದಿರಲಿ, ಕಾರ್ಖಾನೆಯ ವಿಷವನ್ನು ನದಿಗೆ ಬಿಡಬೇಡಿ ಎನ್ನಲು ಯಾವ ಬ್ಯಾಕ್ಟೀರಿಯಾವೂ ಬೇಕಾಗಿಲ್ಲ ಎಂದು ನನ್ನ ಗೊಣಗಾಟ.

ರಜೆ ಮುಗಿಯಿತು. ಬಾಟಲಿಗಳು ನನ್ನ ಪಾಲಿಗೆ ಉಳಿದವು. ನಾಲ್ಕು ದಿನಕ್ಕೊಮ್ಮೆ ಒಂದು ಚಮಚ ಕಲಗಚ್ಚು, ಎರಡಕ್ಕೂ ಒಂದೇ ಅಳತೆ. ಕಲಗಚ್ಚು ಅಂದರೆ ಅಕ್ಕಿ ತೊಳೆದ ನೀರು ಕಣ್ರೋ, ಹಿಂದೆ ಹಸುವಿಗೆ ಇಡುತ್ತಿದ್ದೆವು. ಹೆಚ್ಚು ಹಾಕಿದರೆ ಹುಳಿಯಾಗಿ ಎಲ್ಲ ಕೆಡುತ್ತದೆ. ಸಂಜೆ ಏಳಕ್ಕೆ ಕೆಂಗೇರಿಯಿಂದ ಫೋನು ಬರುತ್ತದೆ. “ಎಷ್ಟ್ ತೋರಿಸ್ತಿದೆ ತಾತ?” ನಾನು ಟಾರ್ಚು ಹಿಡಿದು ತಾರಸಿ ಹತ್ತುತ್ತೇನೆ.

ಮೊನ್ನೆ ಒಂದು ತಮಾಷೆ ಆಯಿತು. ಹಸಿ ಬಾಟಲಿ 0.31. ಅಭ್ಯಾಸಕ್ಕೆಂದು ಇನ್ನೊಂದಕ್ಕೂ ಮೀಟರು ಹಿಡಿದರೆ 0.04! ಬೇಯಿಸಿದ ಕೆಸರು ಏಳುತ್ತಿದೆ. ಬಾಟಲಿಯ ಬಾಯಿ ತೆರೆದೇ ಇತ್ತು. ಗಾಳಿಯಿಂದಲೋ, ಕಲಗಚ್ಚಿನಿಂದಲೋ, ಕುಕ್ಕರಿಗೂ ಜಗ್ಗದ ಬೀಜಕಗಳಿಂದಲೋ ಯಾರೋ ಬಂದು ಮನೆ ಹೂಡಿದ್ದಾರೆ.

ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಚೀಟಿ ಕಿತ್ತು ಹಾಕು ತಾತ. ಭಾನುವಾರ ಬಂದು ಬೇರೆ ಬರೀತೀನಿ.”